ಫಾರ್ಮ್ಯಾಟ್ ಮಾಡ್ಸೋ ಮೊದ್ಲು ಕಾರಣ ಕೇಳಿ, ಕಾರಣ ಹುಡುಕಿದವ್ರಿಗೆ ದುಡ್ಡೂ ಕೊಡಿ

ಸಂಪಾದಕರಿಗೆ ನಮಸ್ಕಾರ.

ಹೋದ ವಾರ ನಿಮ್ಮ ಪತ್ರಿಕೇಲಿ ಓದುಗರೊಬ್ರು ಬರ್ದಿದ್ರು, ಹಳೇ ಕಂಪ್ಯೂಟರಿಗೆ ಲಿನಕ್ಸ್ (ವಿಂಡೋಸ್ ಬದಲಿಗೆ ಹಾಕೋ ಪುಕ್ಕಟೆ ಸಿಸ್ಟಮ್ಮು) ಹಾಕ್ಸಿ ಶಾಲೆಗೆ ಲೈಬ್ರರಿಗೆ ಕೊಡೋದು ಬರೀ ಕಣ್ಣೊರೆಸೋ ಕೆಲಸ, ಕೊಡಗಿನ ಮಳೆಗಾಲಕ್ಕೆ ಅದು ತಡೆಯಲ್ಲ, ಜೂನಲ್ಲಿ ಸ್ಲೋ ಆಗಿ ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಹೊತ್ತಿಗೆ ಪೂರ್ತಿ ನಿಂತೇ ಹೋಗುತ್ತೆ, ಎಲ್ಲಾ ಗುಜರಿಗೆ ಹಾಕಿ ಹೊಸದು ತಗೊಳ್ಳಿ ಅಂತ. ಅವ್ರ ಸಿಟ್ಟು ಸುಳ್ಳಲ್ಲ, ಮಳೆಗಾಲದಲ್ಲಿ ಇಲ್ಲಿ ಮಿಷನ್ನುಗಳು ಕೆಡೋದು ನಿಜಾನೇ. ಆದ್ರೆ ಅಷ್ಟುದ್ದ ಪತ್ರದಲ್ಲಿ ಅದು ನಿಂತಿದ್ದು ಯಾಕೆ ಅನ್ನೋದಕ್ಕೆ ಒಂದು ಸಾಲೂ ಇರ್ಲಿಲ್ಲ. ಡಿಸ್ಕ್ ಹೋಯ್ತಾ, ಕೇಬಲ್ ಸಡಿಲ ಆಯ್ತಾ, ಫ್ಯಾನ್ ತಿರುಗ್ತಿಲ್ವಾ, ರ‍್ಯಾಮ್ ಪಿನ್ನಿಗೆ ಬೂಷ್ಟು ಹಿಡೀತಾ, ಏನೂ ಇಲ್ಲ. ಲಿನಕ್ಸ್ ಸರಿ ಇಲ್ಲ, ಅಷ್ಟೇ.

ಇದು ಅವ್ರೊಬ್ರ ಮಾತಲ್ಲ ಬಿಡಿ, ಶನಿವಾರಸಂತೆಯಿಂದ ಕುಟ್ಟದವರೆಗೆ ಎಲ್ಲಿ ಹೋದ್ರೂ ಇದೇ ಕೇಳ್ಸುತ್ತೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಸಪೋರ್ಟ್ ಮುಗೀತು, 11 ಹಾಕೋಣ ಅಂದ್ರೆ ಟಿಪಿಎಂ 2.0 ಅನ್ನೋ ಸೆಕ್ಯುರಿಟಿ ಚಿಪ್ ಬೇಕು, ಇಂಟೆಲ್ ಆದ್ರೆ ಹೆಚ್ಚುಕಮ್ಮಿ 8ನೇ ಜನರೇಷನ್ನಿಂದ ಮೇಲಿನ ಪ್ರೊಸೆಸರ್ ಬೇಕು ಅಂತ ಕಂಡೀಷನ್ನು, ಹಂಗಾಗಿ ಚೆನ್ನಾಗಿ ಓಡ್ತಿದ್ದ ಎಷ್ಟೋ ಮಿಷನ್ನಿಗೆ ಉಬುಂಟು, ಮಿಂಟ್, ಡೆಬಿಯನ್ ಅನ್ನೋ ಲಿನಕ್ಸುಗಳು ಬಂದು ಕೂತ್ಕೊಂಡ್ವು. ಈಗ ಆ ಹಳೇ ಮಿಷನ್ನಿಗೆ ವಯಸ್ಸಿನ ಕಾಯಿಲೆ ಬಂದ್ರೂ ಬೈಗುಳ ಮಾತ್ರ ಲಿನಕ್ಸಿಗೆ.

ನಾನು ಸೋಮವಾರಪೇಟೆ ಕಡೆಯ ಒಂದು ಕಾಫಿ ತೋಟದಲ್ಲಿ ರೈಟರ್. ಚೆಕ್‌ರೋಲು, ಗೊಬ್ಬರದ ಲೆಕ್ಕ, ದಿನಾ ಬೆಳಿಗ್ಗೆ ಅಳೆಯೋ ಮಳೆಯ ಇಂಚು-ಸೆಂಟು, ಎಲ್ಲಾ ಡೆಬಿಯನ್ ಹಾಕಿರೋ ಒಂದು ಹಳೇ ಡೆಸ್ಕ್‌ಟಾಪಲ್ಲೇ ನಡೆಯೋದು. ಇಂಜಿನಿಯರ್ ಅಲ್ಲ. ಆದ್ರೆ ಸುತ್ತಮುತ್ತಲಿನ ತೋಟದವ್ರು, ಮೇಷ್ಟ್ರುಗಳು, ಸೊಸೈಟಿ ಗುಮಾಸ್ತರು ಇವರೆಲ್ಲ ‘ಸ್ವಲ್ಪ ನೋಡಿ ಸಾರ್’ ಅಂತ ತಂದಿಟ್ಟು ಹೋಗೋದ್ರಿಂದ ಕೆಟ್ಟ ಕಂಪ್ಯೂಟರುಗಳ ಮುಖ ಚೆನ್ನಾಗೇ ಪರಿಚಯ ಆಗಿದೆ. ಅದರಲ್ಲಿ ಮುಕ್ಕಾಲು ಪಾಲು ನನ್ನ ಹತ್ರ ಬರೋ ಮೊದ್ಲೇ ಎಲ್ಲೋ ಒಂದು ಕಡೆ ಫಾರ್ಮ್ಯಾಟ್ ಆಗಿರುತ್ತೆ. ಫಾರ್ಮ್ಯಾಟ್ ಮಾಡಿದ್ರೆ ಏನಾಗುತ್ತೆ ಅಂದ್ರೆ, ಮಿಷನ್ನು ಯಾಕೆ ಕೆಟ್ಟಿತ್ತು ಅಂತ ತಾನೇ ಬರೆದಿಟ್ಟಿದ್ದ ಲಾಗ್ ಎಲ್ಲಾ ಅಳಿಸಿ ಹೋಗುತ್ತೆ. ರೋಗ ಹಂಗೇ ಉಳೀತು, ಸಾಕ್ಷಿ ಮಾತ್ರ ಹೋಯ್ತು. ಕಾಫಿ ಗಿಡದ ಎಲೆ ಹಳದಿ ಆಯ್ತು ಅಂತ ಕಾಂಡಕೊರಕ ಬಿದ್ದಿದ್ಯಾ, ಬೇರು ಕೊಳ್ತಿದ್ಯಾ ಅಂತ ನೋಡದೇನೇ ಗಿಡ ಕಿತ್ತು ಅದೇ ಗುಂಡೀಲಿ ಹೊಸ ಸಸಿ ನೆಟ್ಟಂಗೆ.

ಇದಕ್ಕೆ ಅಂಗಡಿಯವ್ರನ್ನ ಮಾತ್ರ ಬೈದು ಪ್ರಯೋಜನ ಇಲ್ಲ. ಫಾರ್ಮ್ಯಾಟಿಗೆ ಇಂತಿಷ್ಟು ಅಂತ ರೇಟ್ ಇದೆ, ಕಣ್ಣಿಗೆ ಕಾಣೋ ಕೆಲಸ, ಜನ ಮಾತಾಡದೆ ಕೊಡ್ತಾರೆ. ಅದೇ ಅವ್ನು ಒಂದು ಗಂಟೆ ಕೂತು ಲಾಗ್ ಓದಿ ‘ನಿಮ್ದು ಕೇಬಲ್ ಹೋಗಿದೆ ಅಷ್ಟೇ’ ಅಂದ್ರೆ ನಾವು ಕೇಬಲ್ ದುಡ್ಡು ಕೊಟ್ಟು ಎದ್ದು ಬರ್ತೀವಿ. ನೋಡಿದ್ದಕ್ಕೆಲ್ಲಾ ದುಡ್ಡಾ ಅಂತ ನಗ್ತೀವಿ ಬೇರೆ. ಆಮೇಲೆ ಅವ್ನು ಯಾಕ್ರೀ ಲಾಗ್ ಓದ್ತಾನೆ?

ಯುನಿಕ್ಸ್ ಜಾತಿಯ ಸಿಸ್ಟಮ್ಮುಗಳಲ್ಲಿ, ಅಂದ್ರೆ ಲಿನಕ್ಸೇ ಇರ್ಲಿ ಫ್ರೀಬಿಎಸ್‌ಡಿನೇ ಇರ್ಲಿ, ನಂಗೆ ಇಷ್ಟ ಆಗೋದೇ ಇದು, ಅವು ಒಳಗಿಂದು ಮುಚ್ಚಿಡಲ್ಲ. ಟರ್ಮಿನಲ್, ಅಂದ್ರೆ ಕಮಾಂಡ್ ಟೈಪ್ ಮಾಡೋ ಕಿಟಕಿ, ತೆಗೆದು ಮೊದ್ಲು ಸುಡೋ (sudo, ಅಡ್ಮಿನ್ ಅಧಿಕಾರ ಕೊಡೋ ಕಮಾಂಡು) ಹಾಕಿ ಡಿಮೆಸೇಜ್ ಅಂತ ಹೊಡೀರಿ, ಸಿಸ್ಟಮ್ಮಿನ ತಿರುಳಾದ ಕರ್ನಲ್ಲು ಬೂಟ್ ಆದಾಗಿಂದ ಹಾರ್ಡ್‌ವೇರ್ ಬಗ್ಗೆ ಏನೇನು ಗೊಣಗಿದ್ಯೋ ಎಲ್ಲಾ ಬರುತ್ತೆ. ಹೊಡೆಯೋವಾಗ ಇಂಗ್ಲಿಷ್ ಸಣ್ಣಕ್ಷರದಲ್ಲಿ ಡಿ, ಎಂ, ಇ, ಎಸ್, ಜಿ ಅಂತ ಐದೇ ಅಕ್ಷರ, ಲಿನಕ್ಸಲ್ಲಿ ಕೊನೇಲಿ ಒಂದು ಸ್ಪೇಸ್ ಬಿಟ್ಟು ಮೈನಸ್ಸು, ದೊಡ್ಡಕ್ಷರದ ಟಿ ಸೇರ್ಸಿದ್ರೆ ಗಂಟೆ ನಿಮಿಷ ಓದೋ ಹಂಗೆ ಬರುತ್ತೆ. ಮಿಷನ್ನು ಹ್ಯಾಂಗ್ ಆಗಿ ರೀಸ್ಟಾರ್ಟ್ ಮಾಡಿದ್ದೀರಿ ಅಂದ್ರೆ ಜರ್ನಲ್‌ಸಿಟಿಎಲ್ (journalctl) ಅನ್ನೋದ್ರಲ್ಲಿ ಹಿಂದಿನ ಬೂಟಿನದ್ದೂ ನೋಡ್ಬೋದು, ಆದ್ರೆ ವಾರ್ ಲಾಗ್ (/var/log) ಒಳಗೆ ಜರ್ನಲ್ ಅನ್ನೋ ಫೋಲ್ಡರ್ ಇರ್ಬೇಕು, ಇಲ್ಲಾಂದ್ರೆ ಕೆಲವು ಕಡೆ ಅದು ಮೆಮೊರೀಲೇ ಇದ್ದು ಆಫ್ ಆದಾಗ ಹೋಗ್ಬಿಡುತ್ತೆ. ಕೆಂಪಕ್ಷರ ಕಂಡ ತಕ್ಷಣ ಗಾಬರಿ ಬೀಳೋದೂ ಬೇಡ. ಎಸಿಪಿಐ ಬಯಾಸ್ ಎರರ್ ಅಂತ ನಾಕೈದು ಸಾಲು ಎಷ್ಟೋ ಒಳ್ಳೇ ಲ್ಯಾಪ್‌ಟಾಪಲ್ಲೂ ದಿನಾ ಬರುತ್ತೆ, ಅದರಿಂದ ಏನೂ ಆಗಲ್ಲ. ನೋಡ್ಬೇಕಾಗಿರೋದು ನಿಮ್ಮ ಮಿಷನ್ನು ಹಿಡ್ಕೊಂಡ ಹೊತ್ತಿಗೆ ಸರಿಯಾಗಿ ಏನು ಬಿದ್ದಿದೆ ಅಂತ.

ನಮ್ಮ ಕಡೆ ಅತಿ ಹೆಚ್ಚು ಸಿಗೋದು ಡಿಸ್ಕಿನ ತಕರಾರು, ಅದಕ್ಕೇ ಅದರ ಬಗ್ಗೆ ಸ್ವಲ್ಪ ಜಾಸ್ತಿ ಬರೀತೀನಿ. ನಾಪೋಕ್ಲು ಕಡೆಯ ಒಂದು ಶಾಲೆಯ ಮಿಷನ್ನು ಬಂದಿತ್ತು, ಫೈಲ್ ಓಪನ್ ಮಾಡಿದ್ರೆ ಅರ್ಧ ನಿಮಿಷ ಸುಮ್ನೆ ಕೂರೋದು, ಮೌಸ್ ಮಾತ್ರ ಓಡಾಡೋದು, ಆಮೇಲೆ ಏನೂ ಆಗದೇ ಇರೋ ಹಂಗೆ ಮತ್ತೆ ಸರಿ. ಒಂದು ಅಂಗಡೀಲಿ ಫಾರ್ಮ್ಯಾಟ್ ಆಗಿತ್ತು, ಇನ್ನೊಂದು ಅಂಗಡೀಲಿ ಮದರ್‌ಬೋರ್ಡ್ ಹೋಗಿದೆ ಅಂದಿದ್ರು. ಡಿಮೆಸೇಜ್ ನೋಡಿದ್ರೆ ಎಟಿಎ ಎಕ್ಸೆಪ್ಷನ್, ಹಾರ್ಡ್ ರೀಸೆಟಿಂಗ್ ಲಿಂಕ್, ಅದರ ಕೆಳಗೆ ಡಿಸ್ಕನ್ನ ಬೋರ್ಡಿಗೆ ಸೇರ್ಸೋ ಸಾಟಾ ಲಿಂಕ್ ಸ್ಪೀಡನ್ನ 3.0 ಜಿಬಿಪಿಎಸ್‌ಗೆ ಇಳಿಸ್ತಿದೀನಿ ಅಂತ, ಇನ್ನೂ ಕೆಳಗೆ 1.5ಕ್ಕೆ ಇಳಿಸ್ತಿದೀನಿ ಅಂತ. ಅಂದ್ರೆ 6 ಜಿಬಿಪಿಎಸ್ಸಲ್ಲಿ ಮಾತಾಡ್ಬೇಕಾಗಿದ್ದ ಡಿಸ್ಕು ಬೋರ್ಡು ಒಬ್ಬರ ಮಾತು ಒಬ್ಬರಿಗೆ ಸರಿಯಾಗಿ ಕೇಳಿಸದೆ ಮೆಲ್ಲಮೆಲ್ಲಗೆ ಮಾತಾಡೋಕೆ ಶುರು ಮಾಡಿವೆ. ಹೇಳಿದ್ದನ್ನೇ ಮತ್ತೆ ಮತ್ತೆ ಹೇಳ್ಬೇಕಾದಾಗ ಆ ಅರ್ಧ ನಿಮಿಷ ಹೋಗ್ತಿತ್ತು.

ಈಗ ಇಲ್ಲಿ ಡಿಸ್ಕೇ ಹೋಗಿದ್ಯಾ ಕೇಬಲ್ ಹೋಗಿದ್ಯಾ ಅಂತ ಬೇರೆ ಮಾಡೋಕೆ ಸ್ಮಾರ್ಟ್ ರೀಡಿಂಗ್ ಬೇಕು. ಸ್ಮಾರ್ಟ್‌ಮಾನ್‌ಟೂಲ್ಸ್ ಅಂತ ಒಂದು ಪ್ಯಾಕೇಜ್ ಇದೆ, ಹಾಕ್ಕೊಂಡು ಸ್ಮಾರ್ಟ್‌ಸಿಟಿಎಲ್ (smartctl) ಓಡಿಸಿದ್ರೆ ಡಿಸ್ಕು ತನ್ನ ಹೊಟ್ಟೇಲಿ ಇಟ್ಕೊಂಡಿರೋ ಲೆಕ್ಕ ಎಲ್ಲಾ ಹೇಳುತ್ತೆ. ಇದು ಫಾರ್ಮ್ಯಾಟ್ ಮಾಡಿದ್ರೂ ಅಳಿಸಲ್ಲ, ಅದೇ ಇದರ ದೊಡ್ಡ ಉಪಕಾರ. ಮೇಲ್ಗಡೆ ಪಾಸ್ಡ್ ಅಂತ ಬಂದ್ರೆ ಅದನ್ನ ನಂಬಿ ಕೂರ್ಬೇಡಿ, ಸಾಯೋ ಡಿಸ್ಕೂ ಎಷ್ಟೋ ಸಲ ಪಾಸ್ಡ್ ಅಂತಾನೇ ಹೇಳುತ್ತೆ. ಕೆಳಗಿನ ಪಟ್ಟೀಲಿ 5ನೇ ನಂಬರು ನೋಡಿ, ಅದು ಕೆಟ್ಟ ಸೆಕ್ಟರುಗಳನ್ನ, ಅಂದ್ರೆ ಡೇಟಾ ಇಡೋ ಸಣ್ಣ ಸಣ್ಣ ತುಂಡುಗಳನ್ನ, ಬದಲಾಯಿಸಿದ ಲೆಕ್ಕ. 197, ಇದು ಓದೋಕೆ ಆಗದೆ ಅನುಮಾನದ ಮೇಲೆ ಬಾಕಿ ಇಟ್ಟಿರೋ ಸೆಕ್ಟರು. 198, ಡಿಸ್ಕು ತಾನೇ ತಪಾಸಣೆ ಮಾಡ್ಕೊಂಡಾಗ ಓದೋಕೇ ಆಗದೇ ಹೋಗಿದ್ದು. ಈ ಮೂರರಲ್ಲಿ ಕೊನೇ ಕಾಲಮ್ಮಿನ ಅಂಕಿ ಸೊನ್ನೆ ಇರ್ಬೇಕು, ಏರ್ತಾ ಹೋಗ್ತಿದೆ ಅಂದ್ರೆ ಅವತ್ತೇ ಫೋಟೋ, ಲೆಕ್ಕ, ಆರ್‌ಟಿಸಿ ಸ್ಕ್ಯಾನು ಎಲ್ಲಾ ಬೇರೆ ಕಡೆ ಕಾಪಿ ಮಾಡ್ಕೊಳ್ಳಿ, ಊಟ ಆಮೇಲೆ ಮಾಡಿ. 199 ಮಾತ್ರ ಬೇರೆ ಕಥೆ, ಅದು ಡಿಸ್ಕಿಗೂ ಬೋರ್ಡಿಗೂ ಮಧ್ಯೆ ದಾರೀಲಿ ಕೆಟ್ಟ ಡೇಟಾದ ಲೆಕ್ಕ, ಸಾಮಾನ್ಯವಾಗಿ ಕೇಬಲ್ಲು ಇಲ್ಲಾ ಕನೆಕ್ಟರು. ಆ ಶಾಲೆಯ ಡಿಸ್ಕಲ್ಲಿ 5, 197, 198 ಮೂರೂ ಸೊನ್ನೆ, 199 ಸಾವಿರದ ಮೇಲೆ. ಹೊಸ ಸಾಟಾ ಕೇಬಲ್ ಹಾಕಿದ್ದಷ್ಟೇ. 199 ಒಂದ್ಸಲ ಏರಿದ್ರೆ ಇಳಿಯಲ್ಲ, ಅದಕ್ಕೆ ಕೇಬಲ್ ಬದಲಾಯಿಸಿದ ದಿನ ಎಷ್ಟಿತ್ತು ಅಂತ ಚೀಟೀಲಿ ಬರೆದು ಕ್ಯಾಬಿನೆಟ್ಟಿಗೆ ಅಂಟಿಸಿ ಕೊಟ್ಟೆ, ಮುಂದಿನ ಸಲ ಯಾರಾದ್ರೂ ನೋಡಿದ್ರೆ ಅದಕ್ಕಿಂತ ಜಾಸ್ತಿ ಆಗಿದ್ಯಾ ಅಂತ ತಿಳೀಲಿ ಅಂತ. ಯಾಕೆ ಕೆಟ್ಟಿತ್ತು ಅಂದ್ರೆ ಕನೆಕ್ಟರು ಹಸಿರು ಹಿಡಿದಿತ್ತು, ಎರಡು ತಿಂಗಳು ಬಟ್ಟೆನೇ ಒಣಗದ ಊರಲ್ಲಿ ಕಿಟಕಿ ಪಕ್ಕ ಇಟ್ಟಿದ್ರೆ ಇನ್ನೇನಾಗುತ್ತೆ.

ಹೊಸ ಎನ್‌ವಿಎಂಇ ಎಸ್‌ಎಸ್‌ಡಿಗಳಲ್ಲಿ, ಅಂದ್ರೆ ತಿರುಗದ ಚಿಪ್ಪಿನ ಡಿಸ್ಕುಗಳಲ್ಲಿ, ಈ ನಂಬರುಗಳು ಇರಲ್ಲ, ಅದರ ಬದಲು ಪರ್ಸೆಂಟೇಜ್ ಯೂಸ್ಡ್, ಮೀಡಿಯಾ ಎರರ್ ಅಂತೆಲ್ಲ ಬರುತ್ತೆ. ಅದರಲ್ಲಿ ಅನ್‌ಸೇಫ್ ಶಟ್‌ಡೌನ್ಸ್ ಅಂತ ಒಂದು ಸಾಲಿದೆ ನೋಡಿ, ಹೇಳ್ದೆ ಕೇಳ್ದೆ ಕರೆಂಟು ಹೋದ ಲೆಕ್ಕ. ಗಾಳಿಗೆ ಒಂದು ಸಿಲ್ವರ್ ಓಕ್ ಲೈನ್ ಮೇಲೆ ಬಿದ್ರೆ ಸಾಕು ಇಡೀ ಊರು ಕತ್ತಲೆ ಆಗೋ ನಮ್ಮ ಕಡೆ ಆ ಅಂಕಿ ನೋಡಿದ್ರೆ ನಗೂನೂ ಬರುತ್ತೆ ಅಳೂನೂ ಬರುತ್ತೆ.

ಕರೆಂಟಿನ ವಿಷಯ ಬಂತಲ್ಲ, ಇನ್ನೊಂದು ತುಂಬಾ ಜನಕ್ಕೆ ವೈರಸ್ ಅನ್ಸೋ ತಕರಾರು. ಮಿಷನ್ನು ಆನ್ ಆಗುತ್ತೆ, ಎಲ್ಲಾ ಕಾಣುತ್ತೆ, ಆದ್ರೆ ಏನೂ ಸೇವ್ ಆಗಲ್ಲ, ಬ್ರೌಸರ್ ತೆಗೆಯಲ್ಲ, ಪಾಸ್‌ವರ್ಡ್ ಹಾಕಿದ್ರೆ ವಾಪಸ್ ಅದೇ ಪಾಸ್‌ವರ್ಡ್ ಸ್ಕ್ರೀನಿಗೆ ಬಂದು ನಿಲ್ಲುತ್ತೆ. ಡೆಬಿಯನ್ನು ಉಬುಂಟು ಇನ್‌ಸ್ಟಾಲ್ ಮಾಡೋವಾಗ ಎಫ್‌ಎಸ್‌ಟ್ಯಾಬ್ ಅನ್ನೋ ಫೈಲಲ್ಲಿ ಎರರ್ ಬಂದ್ರೆ ರೀಡ್-ಓನ್ಲಿ (ಓದೋಕೆ ಮಾತ್ರ) ಮಾಡು ಅಂತ ಸಾಮಾನ್ಯವಾಗಿ ಮೊದ್ಲೇ ಬರೆದಿರುತ್ತೆ, ಫೈಲ್ ಸಿಸ್ಟಮಲ್ಲಿ ಏನೋ ಹೆಚ್ಚುಕಮ್ಮಿ ಕಂಡ್ರೆ ಇನ್ನಷ್ಟು ಹಾಳಾಗೋದು ಬೇಡ ಅಂತ ಬರೆಯೋದನ್ನೇ ನಿಲ್ಲಿಸಿಬಿಡುತ್ತೆ. ಅದು ಕೆಟ್ಟಿದ್ದಲ್ಲ, ಬುದ್ಧಿವಂತಿಕೆ. ಆದ್ರೆ ಈ ಹೊತ್ತಲ್ಲಿ ಎಲ್ಲೋ ನೋಡ್ಕೊಂಡು ಓಡ್ತಿರೋ ಡಿಸ್ಕಿನ ಮೇಲೇ ಎಫ್‌ಎಸ್‌ಸಿಕೆ (fsck, ಫೈಲ್ ಸಿಸ್ಟಮ್ ರಿಪೇರಿ ಮಾಡೋ ಕಮಾಂಡು) ಓಡ್ಸೋರು ಇದ್ದಾರೆ, ದಯವಿಟ್ಟು ಬೇಡ. ಮೌಂಟ್ ಆಗಿರೋ, ಅಂದ್ರೆ ಬಳಕೇಲಿರೋ ಡಿಸ್ಕಿಗೆ ಅದನ್ನ ಓಡ್ಸಿದ್ರೆ ಉಳಿದಿದ್ದೂ ಹೋಗ್ಬೋದು. ಪೆನ್‌ಡ್ರೈವಿಂದ ಲೈವ್ ಬೂಟ್ ಮಾಡಿ, ಅಂದ್ರೆ ಒಳಗಿನ ಡಿಸ್ಕ್ ಬಿಟ್ಟು ಪೆನ್‌ಡ್ರೈವಲ್ಲಿರೋ ಲಿನಕ್ಸನ್ನೇ ಶುರು ಮಾಡಿ, ಮೊದ್ಲು ಸ್ಮಾರ್ಟ್ ರೀಡಿಂಗ್ ನೋಡಿ. 197 ಏರಿದ್ರೆ ಎಫ್‌ಎಸ್‌ಸಿಕೆ ಮುಟ್ಟಲೇಬೇಡಿ, ಗ್ನೂ ಡಿಡಿರೆಸ್ಕ್ಯೂ ಅಂತ ಇದೆ, ಅದು ಚೆನ್ನಾಗಿರೋ ಭಾಗ ಮೊದ್ಲು ಎಳ್ಕೊಂಡು ಕೆಟ್ಟ ಭಾಗಕ್ಕೆ ಆಮೇಲೆ ಕೈ ಹಾಕುತ್ತೆ, ಅದರಲ್ಲಿ ಇಡೀ ಡಿಸ್ಕನ್ನ ಇನ್ನೊಂದಕ್ಕೆ ಕಾಪಿ ಮಾಡ್ಕೊಂಡು ಆಮೇಲೆ ಆ ಕಾಪಿ ಮೇಲೆ ರಿಪೇರಿ ಮಾಡಿ. ರೀಡಿಂಗ್ ಸರಿ ಇದ್ದು ಬರೀ ಕರೆಂಟು ಹೋಗಿ ಆಗಿದ್ದು ಅಂದ್ರೆ ಲೈವಲ್ಲೇ ಎಫ್‌ಎಸ್‌ಸಿಕೆ ಓಡ್ಸಿ, ಸಾಮಾನ್ಯವಾಗಿ ಅಲ್ಲಿಗೆ ಮುಗೀತು. ಯುಪಿಎಸ್ ಇದ್ರೆ ಅದರ ಯುಎಸ್‌ಬಿ ವೈರನ್ನ ಡಬ್ಬದಲ್ಲೇ ಬಿಡದೆ ಕಂಪ್ಯೂಟರಿಗೆ ಸಿಗ್ಸಿ, ನಟ್ ಅಂತ, ನೆಟ್‌ವರ್ಕ್ ಯುಪಿಎಸ್ ಟೂಲ್ಸ್, ಅದನ್ನ ಹಾಕಿದ್ರೆ ಬ್ಯಾಟರಿ ಮುಗಿಯೋ ಮೊದ್ಲು ಮಿಷನ್ನು ತಾನಾಗೇ ನೀಟಾಗಿ ಆಫ್ ಆಗುತ್ತೆ.

ಇನ್ನು ಸ್ಲೋ ಅನ್ನೋ ದೂರು. ಸ್ಲೋ ಅಂದ ತಕ್ಷಣ ರ‍್ಯಾಮ್ ಹಾಕ್ಸಿ ಅಂತಾರೆ. ಟಾಪ್ ಅಂತ ಹೊಡೆದು ಮೇಲಿನ ಮೂರ್ನಾಕು ಸಾಲು ನೋಡೋಕೆ ಎರಡು ನಿಮಿಷ ಸಾಕು. ಲೋಡ್ ಆವರೇಜ್ ಅಂತ ಮೂರು ಅಂಕಿ ಇರುತ್ತೆ, ಕಳೆದ 1, 5, 15 ನಿಮಿಷದ್ದು. ಅದು 8 ಇದೆ ಅಂದ್ರೆ ಪ್ರೊಸೆಸರ್ ಸಾಲ್ತಿಲ್ಲ ಅಂತ ತುಂಬಾ ಜನ ಓದ್ಕೊಳ್ತಾರೆ, ಲಿನಕ್ಸಲ್ಲಿ ಹಂಗಲ್ಲ. 1993ರಿಂದಲೇ ಲಿನಕ್ಸು ಆ ಲೆಕ್ಕಕ್ಕೆ ಪ್ರೊಸೆಸರಿಗೆ ಕಾಯೋ ಕೆಲಸದ ಜೊತೆ ಡಿಸ್ಕಿಗೆ ಕಾಯ್ತಾ ಮಲಗಿರೋ ಕೆಲಸಗಳನ್ನೂ ಸೇರ್ಸುತ್ತೆ, ಟಾಪಲ್ಲಿ ಅವಕ್ಕೆ ಡಿ ಅಂತ ಗುರುತು ಇರುತ್ತೆ. ಅದಕ್ಕೇ ಪಕ್ಕದಲ್ಲೇ ಸಿಪಿಯು ಸಾಲಲ್ಲಿ ಡಬ್ಲ್ಯುಎ (wa) ಅನ್ನೋ ಅಂಕಿ, ಅಂದ್ರೆ ಪ್ರೊಸೆಸರ್ ಡಿಸ್ಕಿಗೆ ಕಾದ ಹೊತ್ತಿನ ಪರ್ಸೆಂಟು, ನೋಡ್ಬೇಕು. ಅದು 60, 70, 80 ಅಂತ ಇದ್ದು ಪ್ರೊಸೆಸರ್ ಖಾಲಿ ಕೂತಿದ್ರೆ ತಪ್ಪು ಡಿಸ್ಕಿಂದು, ಇಲ್ಲಾ ಮೆಮೊರಿ ಸಾಲದೆ ಸ್ವಾಪಿಗೆ, ಅಂದ್ರೆ ಡಿಸ್ಕಲ್ಲಿ ಮೆಮೊರಿ ಥರ ಬಳಸೋ ಜಾಗಕ್ಕೆ, ಓಡಾಡ್ತಿದೆ. ಇವೆರಡರಲ್ಲಿ ಯಾವ್ದು ಅಂತ ವಿಎಂಸ್ಟ್ಯಾಟ್ 1 ಅಂತ ಹೊಡೆದು ಎಸ್‌ಐ, ಎಸ್‌ಒ ಕಾಲಮ್ಮು ನೋಡಿದ್ರೆ ಗೊತ್ತಾಗುತ್ತೆ, ಮೊದಲ್ನೇ ಸಾಲು ಬೂಟ್ ಆದಾಗಿಂದಿನ ಸರಾಸರಿ, ಅದನ್ನ ಬಿಡಿ, ಅದರ ಕೆಳಗಿನ ಸಾಲುಗಳು ಸೊನ್ನೆ ಬಿಟ್ಟು ದೊಡ್ಡ ದೊಡ್ಡ ಅಂಕಿ ಬಿಡದೆ ಬರ್ತಿದ್ರೆ ಮಾತ್ರ ರ‍್ಯಾಮ್ ತಗೊಳ್ಳಿ.

ರ‍್ಯಾಮ್ ಬಗ್ಗೆ ಇನ್ನೊಂದು ತಪ್ಪು ನಂಬಿಕೆ ಇದೆ. ಫ್ರೀ ಅಂತ ಹೊಡೆದ್ರೆ ಫ್ರೀ ಕಾಲಮ್ಮಲ್ಲಿ ಬರೀ 200 ಎಂಬಿ ಇದೆ, 8 ಜಿಬಿ ಎಲ್ಲಾ ತಿಂದು ಹಾಕಿದೆ ಅಂತ ಕೂಗಾಡ್ತಾರೆ. ಖಾಲಿ ಇರೋ ಮೆಮೊರೀನ ಸುಮ್ನೆ ಬಿಡೋದು ಯಾಕೆ ಅಂತ ಲಿನಕ್ಸು ಅದರಲ್ಲಿ ಓದಿದ ಫೈಲುಗಳನ್ನ ಇಟ್ಕೊಂಡಿರುತ್ತೆ, ಯಾರಾದ್ರೂ ಕೇಳಿದ್ರೆ ತಕ್ಷಣ ಬಿಟ್ಟು ಕೊಡುತ್ತೆ. ನೋಡ್ಬೇಕಾಗಿರೋದು ಕೊನೇ ಕಾಲಮ್ಮು, ಅವೈಲಬಲ್ ಅಂತ. 2014ರ 3.14 ಕರ್ನಲ್ಲಿಂದ ಈ ಲೆಕ್ಕಾನ ಕರ್ನಲ್ಲೇ ಕೊಡ್ತಿದೆ, ಇನ್ನೂ ಜನ ಹಳೇ ಕಾಲಮ್ಮೇ ನೋಡ್ತಾ ಕೂತಿದ್ದಾರೆ.

ಬಿಸಿ ವಿಷಯ ಹೇಳಿದ್ರೆ ಇಲ್ಲಿ ಯಾರೂ ನಂಬಲ್ಲ, ಮಡಿಕೇರೀಲಿ ಸ್ವೆಟರ್ ಹಾಕ್ಕೊಂಡು ಕೂತವ್ರಿಗೆ ಕಂಪ್ಯೂಟರ್ ಬಿಸಿ ಆಗಿದೆ ಅಂದ್ರೆ ನಗ್ತಾರೆ. ಆದ್ರೆ ಕಾಫಿ ಕೊಯ್ಲಿನ ಟೈಮಲ್ಲಿ ಕಣದ ಪಕ್ಕದ ಆಫೀಸಲ್ಲಿ ಹಾರೋ ಧೂಳು, ಸಿಪ್ಪೆ ಪುಡಿ ಎಲ್ಲಾ ಹೋಗಿ ಸೇರೋದು ಹೀಟ್‌ಸಿಂಕ್ ಒಳಗೇ, ಅದರ ಮೇಲೆ ಮಳೆಗಾಲದ ತೇವ ಕೂತ್ರೆ ಕಂಬಳಿ ಥರ ಗಟ್ಟಿ ಆಗುತ್ತೆ. ಪ್ರೊಸೆಸರ್ ಸುಟ್ಟು ಹೋಗ್ಬಾರ್ದು ಅಂತ ತಾನೇ ಸ್ಪೀಡ್ ಇಳಿಸ್ಕೊಳ್ಳುತ್ತೆ, ಡಿಮೆಸೇಜಲ್ಲಿ ಟೆಂಪರೇಚರ್ ಅಬವ್ ಥ್ರೆಶೋಲ್ಡ್, ಸಿಪಿಯು ಕ್ಲಾಕ್ ಥ್ರಾಟಲ್ಡ್ ಅಂತ ಬೀಳುತ್ತೆ. ಎಲ್‌ಎಂ-ಸೆನ್ಸರ್ಸ್ ಹಾಕಿ ಸೆನ್ಸರ್ಸ್ ಅಂತ ಹೊಡೆದ್ರೆ ಎಷ್ಟು ಡಿಗ್ರಿ ಅಂತಾನೂ ಬರುತ್ತೆ. ಬ್ರಷ್ಷಲ್ಲಿ ಧೂಳು ತೆಗೆದು ಥರ್ಮಲ್ ಪೇಸ್ಟ್ ಹೊಸದು ಹಾಕಿದ್ರೆ ಆಯ್ತು.

ಇದೇ ಥರದ್ದು ಇನ್ನೊಂದು, ಅದು ಲ್ಯಾಪ್‌ಟಾಪಿನದ್ದು, ಗೊತ್ತಿಲ್ಲದೆ ಹೋದ್ರೆ ತಲೆ ಕೆಡ್ಸುತ್ತೆ. ಬಿಸಿ ಇಲ್ಲ, ಡಿಸ್ಕ್ ಚೆನ್ನಾಗಿದೆ, ಮೆಮೊರಿ ಇದೆ, ಆದ್ರೂ ಆಮೆ. ಪ್ರೋಕ್ (/proc) ಒಳಗಿನ ಸಿಪಿಯುಇನ್‌ಫೋ ನೋಡಿ, ಕೆಲಸ ಜೋರಾಗಿ ನಡೀತಿರೋವಾಗ್ಲೂ ಎಲ್ಲಾ ಕೋರುಗಳೂ 400 ಇಲ್ಲಾ 800 ಮೆಗಾಹರ್ಟ್ಸಲ್ಲೇ ಅಂಟ್ಕೊಂಡಿದ್ರೆ ಚಾರ್ಜರ್ ಮೇಲೆ ಅನುಮಾನ ಪಡಿ. ಕೆಲವು ಲ್ಯಾಪ್‌ಟಾಪುಗಳು ತಮ್ಮ ಚಾರ್ಜರ್ ಅಂತ ಗುರುತು ಸಿಗದಿದ್ರೆ, ಇಲ್ಲಾ ವ್ಯಾಟ್ ಕಮ್ಮಿ ಇದ್ರೆ ಪ್ರೊಸೆಸರನ್ನ ಕಟ್ಟಿ ಹಾಕ್ಬಿಡ್ತವೆ. ಸಿಡಿಲಿಗೆ ಅಸಲಿ ಚಾರ್ಜರ್ ಹೋಗಿ ಡೂಪ್ಲಿಕೇಟ್ ತಂದವ್ರಲ್ಲಿ ಇದು ಜಾಸ್ತಿ.

ಸಿಡಿಲಿಗೆ ಹೆದರಿ ನಾವೆಲ್ಲ ಗೋಡೆ ಸ್ವಿಚ್ಚೇ ತೆಗೆದು ಪ್ಲಗ್ ಕಿತ್ತಿಡೋರು, ಅದು ಸರೀನೇ, ಕಿತ್ತಿಡ್ಲೇಬೇಕು, ಜೊತೆಗೆ ಇಂಟರ್‌ನೆಟ್ ವೈರೂ ಕಿತ್ತಿಡಿ ಯಾಕಂದ್ರೆ ಸಿಡಿಲು ಅದರಲ್ಲೂ ಬರುತ್ತೆ. ಆದ್ರೆ ಗೋಡೇಲಿ ಕರೆಂಟಿದ್ದಾಗ ಆಫ್ ಆಗಿರೋ ಡೆಸ್ಕ್‌ಟಾಪಿನ ಗಡಿಯಾರ ಸ್ಟ್ಯಾಂಡ್‌ಬೈ ಕರೆಂಟಲ್ಲೇ ಓಡುತ್ತೆ, ಕಿತ್ತಿಟ್ಟಾಗ ಬೋರ್ಡಿನ ಮೇಲಿರೋ ಸಿಆರ್ 2032 ನಾಣ್ಯದ ಬ್ಯಾಟರಿ ಖರ್ಚಾಗುತ್ತೆ. ಅದು ಮುಗಿದ್ರೆ ತಾರೀಕು ಎಷ್ಟೋ ವರ್ಷ ಹಿಂದೆ ಹೋಗುತ್ತೆ. ಆಗ ಬ್ಯಾಂಕಿನ ಸೈಟ್ ತೆಗೆದ್ರೆ ಸೇಫ್ ಅಲ್ಲ ಅನ್ನುತ್ತೆ, ಅಪ್‌ಡೇಟ್ ಮಾಡಿದ್ರೆ ರಿಲೀಸ್ ಫೈಲ್ ಇನ್ನೂ ವ್ಯಾಲಿಡ್ ಆಗಿಲ್ಲ ಅನ್ನುತ್ತೆ, ಎಲ್ಲಾ ಸರ್ಟಿಫಿಕೇಟುಗಳೂ ಅದಕ್ಕೆ ಭವಿಷ್ಯದಲ್ಲಿ ಹುಟ್ಟಿದ್ದ ಹಾಗೆ ಕಾಣುತ್ತೆ. ಇಂಟರ್‌ನೆಟ್ ಹಾಳಾಗಿದೆ ಅಂತ ಇದನ್ನ ಹೊತ್ಕೊಂಡು ಗೋಣಿಕೊಪ್ಪಲಿಗೆ ಹೋಗೋದು ಬೇಡ, ಡೇಟ್ ಅಂತ ಹೊಡೆದು ನೋಡಿ, ಬ್ಯಾಟರಿ ವಾಚ್ ಅಂಗಡೀಲೇ ಸಿಗುತ್ತೆ.

ನೆಟ್ ಸ್ಲೋ ಅನ್ನೋರು ಇಥ್‌ಟೂಲ್ (ethtool) ಓಡ್ಸಿ ಸ್ಪೀಡ್ ನೋಡಿ. 1000 ಬರ್ಬೇಕಾದ ಕಡೆ 100 ಬಂದ್ರೆ ವೈರಿನ ಯಾವ್ದೋ ಜೋಡಿ ಕಟ್ ಆಗಿದೆ ಅಂತ ಅನುಮಾನ ಪಡ್ಬೋದು, ಯಾಕಂದ್ರೆ 100ಕ್ಕೆ ಎರಡೇ ಜೋಡಿ ಸಾಕು, 1000ಕ್ಕೆ ನಾಲ್ಕೂ ಬೇಕು. ಅಟ್ಟದ ಮೇಲೆ ಇಲಿ ಇದ್ದೇ ಇರುತ್ತಲ್ಲ. ಪ್ರಿಂಟರ್ ಸಿಗ್ಸಿದ್ರೆ ಡಿಮೆಸೇಜಲ್ಲಿ ಡಿವೈಸ್ ಡಿಸ್ಕ್ರಿಪ್ಟರ್ ರೀಡ್, ಎರರ್ ಮೈನಸ್ 71 ಅಂತ ಬಂದ್ರೆ ಡ್ರೈವರ್ ಹುಡುಕೋ ಮೊದ್ಲು ಯುಎಸ್‌ಬಿ ವೈರ್ ಬದಲಾಯಿಸಿ, ಹಬ್ ಬಿಟ್ಟು ನೇರ ಮಿಷನ್ನಿಗೇ ಸಿಗ್ಸಿ. ಒಂದ್ಸಲ ಬ್ರೌಸರ್, ಒಂದ್ಸಲ ಆಫೀಸ್, ಹಿಂಗೆ ಒಂದೊಂದ್ಸಲ ಒಂದೊಂದು ಪ್ರೋಗ್ರಾಮ್ ಸೆಗ್ಮೆಂಟೇಶನ್ ಫಾಲ್ಟ್ ಅಂತ ಬಿದ್ದು ಹೋಗ್ತಿದ್ರೆ ರಾತ್ರಿ ಮೆಮೊರಿ ಪರೀಕ್ಷೆ ಮಾಡೋ ಮೆಮ್‌ಟೆಸ್ಟ್86+ ಹಾಕಿ ಬಿಡಿ, ಬೆಳಿಗ್ಗೆ ಕೆಂಪು ಸಾಲು ಬಂದಿದ್ರೆ ರ‍್ಯಾಮ್ ಕಡ್ಡಿ ತೆಗೆದು ಐಸೊಪ್ರೊಪೈಲ್ ಆಲ್ಕೋಹಾಲಲ್ಲಿ ಪಿನ್ ಒರೆಸಿ ಕೂರ್ಸಿ ಮತ್ತೆ ಟೆಸ್ಟ್ ಮಾಡಿ. ರಬ್ಬರಲ್ಲಿ ಉಜ್ಜೋದು ಇಲ್ಲಿ ಎಲ್ಲರೂ ಮಾಡ್ತಾರೆ, ನಂಗೆ ಅಷ್ಟು ಹಿಡಿಸಲ್ಲ, ಅದರ ಪುಡಿ ಸ್ಲಾಟ್ ಒಳಗೆ ಸೇರ್ಕೊಂಡು ಇನ್ನೊಂದು ರಾಮಾಯಣ.

ಆ ಪತ್ರ ಬರೆದವ್ರ ಮಾತಲ್ಲಿ ಒಪ್ಕೊಳ್ಳೋದೂ ಇದೆ. 2 ಜಿಬಿ ರ‍್ಯಾಮು, ಹಳೇ ತಿರುಗೋ ಡಿಸ್ಕು ಇಟ್ಕೊಂಡು ಇವತ್ತಿನ ಬ್ರೌಸರಲ್ಲಿ ಹತ್ತು ಟ್ಯಾಬ್ ತೆಗೀತೀನಿ ಅಂದ್ರೆ ಯಾವ ಲಾಗೂ ಕಾಪಾಡಲ್ಲ, ಮೆಮೊರಿಯೊಳಗಿನದ್ದನ್ನ ಒತ್ತಿ ಚಿಕ್ಕದು ಮಾಡೋ ಝಡ್‌ರ‍್ಯಾಮ್ ಹಾಕಿದ್ರೆ ಸ್ವಲ್ಪ ಉಸಿರಾಡುತ್ತೆ ಅಷ್ಟೇ. 32 ಬಿಟ್ ಪ್ರೊಸೆಸರಿನ ತೀರಾ ಹಳೇದು ಇದ್ರೆ 2025ರ ಆಗಸ್ಟಲ್ಲಿ ಬಂದ ಡೆಬಿಯನ್ 13 ಕೂಡ ಅದಕ್ಕೆ ಇನ್‌ಸ್ಟಾಲರ್ ಕೊಡೋದು ನಿಲ್ಲಿಸಿದೆ, ಅದನ್ನ ಬಿಟ್ಟುಬಿಡೋದೇ ವಾಸಿ. ಕೊಡುಗೆ ಹೆಸರಲ್ಲಿ ಅಂಥದ್ದನ್ನ ಶಾಲೆಗೆ ತಂದು ಸುರಿಯೋರ ಮೇಲೆ ನಂಗೂ ಸಿಟ್ಟಿದೆ. ಆದ್ರೆ 4ನೇ, 6ನೇ ಜನರೇಷನ್ ಪ್ರೊಸೆಸರ್, 8 ಜಿಬಿ ರ‍್ಯಾಮ್ ಇರೋ ಮಿಷನ್ನನ್ನ ಒಂದು ಕೇಬಲ್ಲಿಗೋಸ್ಕರ ಗುಜರಿಗೆ ಹಾಕೋದನ್ನ ನೋಡ್ಕೊಂಡು ಸುಮ್ನಿರೋಕೆ ಆಗಲ್ಲ, ಅದೂ ಸರ್ಕಾರದ ದುಡ್ಡಲ್ಲಿ ಮತ್ತೊಂದು ತರೋ ಕಡೆ.

ಹಂಗಾಗಿ ಶಾಲೆ, ಪಂಚಾಯ್ತಿ ಲೈಬ್ರರಿ, ಸೊಸೈಟಿಗಳ ಬಿಲ್ಲು ಪಾಸ್ ಮಾಡೋರಿಗೆ ನಾನು ಕೇಳೋದು ಇಷ್ಟು. ಮದರ್‌ಬೋರ್ಡ್ ಹೋಗಿದೆ, ಡಿಸ್ಕ್ ಹೋಗಿದೆ ಅಂತ ಯಾರಾದ್ರೂ ಕೊಟೇಶನ್ ತಂದ್ರೆ ಅದರ ಜೊತೆ ಸ್ಮಾರ್ಟ್ ರೀಡಿಂಗಿನ ಒಂದು ಹಾಳೆ, ಡಿಮೆಸೇಜಿನ ಎರರ್ ಸಾಲುಗಳ ಒಂದು ಹಾಳೆ ಲಗತ್ತಿಸಿ ಅಂತ ಹೇಳಿ. ಮಿಷನ್ನು ಆನೇ ಆಗದಿದ್ರೆ ಬೇರೆ ಮಾತು, ಆಗಲೂ ಡಿಸ್ಕ್ ಬಿಚ್ಚಿ ಇನ್ನೊಂದಕ್ಕೆ ಸಿಗ್ಸಿ ಸ್ಮಾರ್ಟ್ ರೀಡಿಂಗ್ ತೆಗೀಬೋದು. ಫಾರ್ಮ್ಯಾಟ್ ಮಾಡೋ ಮೊದ್ಲು ವಾರ್ ಲಾಗ್ ಫೋಲ್ಡರನ್ನ ಪೆನ್‌ಡ್ರೈವಿಗೆ ಕಾಪಿ ಮಾಡಿ ಕೊಡಿ ಅಂತ ಕೇಳಿ, ಅದಕ್ಕೆ ಐದು ನಿಮಿಷ ಸಾಕು. ಮತ್ತೆ ಅಂಗಡಿಯವ್ರಿಗೆ, ನಿಮ್ಮ ರೇಟ್ ಬೋರ್ಡಲ್ಲಿ ಫಾರ್ಮ್ಯಾಟ್ ಅನ್ನೋ ಸಾಲಿನ ಮೇಲೆ ಚೆಕಿಂಗ್ ಅಂತ ಒಂದು ಸಾಲು ಬರೆದು ಅದಕ್ಕೂ ಫಾರ್ಮ್ಯಾಟಿನಷ್ಟೇ ದುಡ್ಡು ಹಾಕಿ, ರಿಪೇರಿ ಆಗ್ಲಿ ಬಿಡ್ಲಿ ತಗೊಳ್ಳಿ. ಗಿರಾಕಿ ಗೊಣಗಿದ್ರೆ ಆ ಎರಡು ಹಾಳೆ ಕೈಗೆ ಕೊಡಿ. ನಮ್ಮ ತೋಟದ ಮಟ್ಟಿಗೆ ನಾನು ಹಿಂಗೇ ಬಿಲ್ ಮಾಡ್ಸಿ ಕೊಡ್ತಿದೀನಿ, ಯಜಮಾನ್ರು ಮೊದಲ್ನೇ ಸಲ ಇದೇನಿದು ಚೆಕಿಂಗು ಅಂತ ಕೇಳಿದ್ರು, ಕೇಬಲ್ಲಿನ ಬಿಲ್ಲೂ ಹೊಸ ಮಿಷನ್ನಿನ ಕೊಟೇಶನ್ನೂ ಪಕ್ಕಪಕ್ಕ ಇಟ್ಟೆ, ಸೈನ್ ಹಾಕಿದ್ರು.

ಇಂತಿ,
ನಿಮ್ಮ ಓದುಗ, ಒಬ್ಬ ತೋಟದ ರೈಟರ್
ಸೋಮವಾರಪೇಟೆ ತಾಲೂಕು, ಕೊಡಗು